ಅಮ್ಮಂದಿರ ಜೀವನ ಚರಿತ್ರೆ ಬರೆಯುತ್ತ ಕಲಿತದ್ದು

ನಮ್ಮ ಉಡುಪಿ ಕಡೆಯ ಸಿ.ಎಸ್.ಐ. ಕ್ರೈಸ್ತ ಸಭೆಯಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣಿಗೆ ಒಯ್ಯುವ ಮೊದಲು ದೇವಾಲಯದಲ್ಲಿ ಅವರ ಜೀವನ ಚರಿತ್ರೆ ಓದುತ್ತಾರೆ. ಅದನ್ನು ಬರೆಯುವ ಕೆಲಸ ನನಗೆ ಅಂಟಿಕೊಂಡು ಇಪ್ಪತ್ತೆರಡು ವರ್ಷವಾಯಿತು. ರಾತ್ರಿ ಫೋನ್ ಬರುತ್ತದೆ, ಬೆಳಿಗ್ಗೆ ಹತ್ತಕ್ಕೆ ಹಾಳೆ ಸಿದ್ಧವಿರಬೇಕು. ಗಂಡಸರದ್ದು ಸಲೀಸು: ನೌಕರಿ, ಬಡ್ತಿ, ನಿವೃತ್ತಿ. ಪೆನ್ನು ನಿಲ್ಲುವುದು ಅಮ್ಮಂದಿರ ವಿಷಯದಲ್ಲಿ.

1. ‘ದೈವಭಕ್ತೆ, ಸದ್ಗೃಹಿಣಿ, ಸಮಾಜ ಸೇವಕಿ’ ಎಂದು ಶುರು ಮಾಡಬಾರದು. ಮೊದಲ ಕೆಲವು ವರ್ಷ ನಾನೂ ಹಾಗೇ ಬರೆದೆ. ಒಮ್ಮೆ ಓದಿ ಕೂತಾಗ ಹಿಂದಿನ ಬೆಂಚಿನ ಅಜ್ಜಿಯೊಬ್ಬರು, “ಇದು ಹೋದ ತಿಂಗಳು ಓದಿದ್ದೇ ಅಲ್ವಾ ಮಾರಾಯ್ರೆ?” ಎಂದರು. ಹೌದು, ಹೆಸರು ಮಾತ್ರ ಬೇರೆ.

2. ಮಕ್ಕಳನ್ನು ಕೇಳಿ, ಆದರೆ ಅಷ್ಟಕ್ಕೇ ಬಿಡಬೇಡಿ. “ಅಮ್ಮ ಏನು ಕೆಲಸ ಮಾಡುತ್ತಿದ್ದರು?” ಎಂದರೆ “ಮನೆಯಲ್ಲೇ ಇದ್ದರು” ಅನ್ನುತ್ತಾರೆ. ಹಾಗೆ ‘ಮನೆಯಲ್ಲೇ ಇದ್ದ’ ಒಬ್ಬರ ಕಪಾಟಿನಲ್ಲಿ ಬೀಡಿ ಪಾಸ್‌ಪುಸ್ತಕ ಸಿಕ್ಕಿತು. ನಾಲ್ಕು ಮಕ್ಕಳ ಶಾಲೆಯ ಫೀಸು ಅದರಿಂದಲೇ ಹೋಗಿತ್ತು. ಅವರು ದೇವಾಲಯದಲ್ಲಿ ಗೀತಪುಸ್ತಕ ತೆರೆದದ್ದನ್ನು ನಾನು ಕಂಡಿಲ್ಲ. ಕಣ್ಣು ಮಂಜು ಇರಬೇಕು ಎಂದುಕೊಂಡಿದ್ದೆ. ಪಕ್ಕದ ಮನೆಯ ಹೆಂಗಸು ಹೇಳಿದರು: ಮಡಿಲಲ್ಲಿ ಎಲೆ, ಹೊಗೆಸೊಪ್ಪಿನ ಗೆರಸೆ, ಎದುರಿಗೆ ಗೋಡೆಗೆ ಒರಗಿಸಿದ ಗೀತಪುಸ್ತಕ. ಕೈ ಬೀಡಿ ಕಟ್ಟುತ್ತಿದ್ದರೆ ಬಾಯಿ ಹಾಡು ಕಲಿಯುತ್ತಿತ್ತು. ಪುಟ ಮಗುಚಲು ಮಾತ್ರ ಚಿಕ್ಕ ಮಗಳನ್ನು ಕೂಗುತ್ತಿದ್ದರಂತೆ. ಆ ಮಗಳಿಗೀಗ ಐವತ್ತು ದಾಟಿದೆ. ನಾನು ನೆನಪಿಸಿದ ಮೇಲೆ ಅವಳಿಗೂ ನೆನಪಾಯಿತು, ಅಳು ಬಂದದ್ದೂ ಆಗಲೇ.

3. ರಿಜಿಸ್ಟರ್ ನೋಡಿ. ಮನೆಯವರು ಹೇಳುವ ಹುಟ್ಟಿದ ದಿನ ಹೆಚ್ಚಾಗಿ ಶಾಲೆಯ ಮಾಸ್ತರು ಅಂದಾಜಿಗೆ ಬರೆದದ್ದು. ದೀಕ್ಷಾಸ್ನಾನದ ದಾಖಲೆ ಬೇರೆಯೇ ಹೇಳುತ್ತದೆ. ಅಲ್ಲಿ ಅವರ ತವರಿನ ಹೆಸರೂ ಸಿಗುತ್ತದೆ. ಆ ಹೆಸರು ಮನೆಯವರಿಗೇ ಗೊತ್ತಿರುವುದಿಲ್ಲ; ಆದರೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಹೆಸರುಗಳು ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಬಾಯಿಪಾಠ. ಆ ಮಿಷನ್ ಸೇರಬೇಕಾದರೆ ಹುಡುಗರು ತಮ್ಮ ಜೀವನ ಚರಿತ್ರೆಯನ್ನು ತಾವೇ ಬರೆದು ಕೊಡಬೇಕಿತ್ತು. ನಮ್ಮ ಅಮ್ಮಂದಿರನ್ನು ಯಾರೂ ಬರೆದುಕೊಡಿ ಎಂದು ಕೇಳಲಿಲ್ಲ.

4. ಸೇವೆಯನ್ನು ಹೊಗಳುವ ಬದಲು ಲೆಕ್ಕ ಹಾಕಿ. ‘ರೋಗಿಗಳ ಆರೈಕೆ ಮಾಡುತ್ತಿದ್ದರು’ ಎಂದರೆ ಕೇಳುವವರ ಕಿವಿಗೆ ಗಾಳಿ. ಉಡುಪಿಯಲ್ಲಿ 1923ರಿಂದ ಇರುವ ಮಿಷನ್ ಆಸ್ಪತ್ರೆಗೆ ಪ್ರತಿ ಗುರುವಾರ ಏಳೂವರೆಯ ಬಸ್ಸಿನಲ್ಲಿ, ಯಾರೂ ನೋಡಲು ಬಾರದ ಬಾಣಂತಿಯರಿಗೆ ಕುಚ್ಚಲಕ್ಕಿ ಗಂಜಿ, ಒಂದು ಬಾಟ್ಲಿ ನಿಂಬೆ ಉಪ್ಪಿನಕಾಯಿ, ಹನ್ನೊಂದು ವರ್ಷ. ಒಬ್ಬರ ಬಗ್ಗೆ ಹೀಗೆ ಓದಿದಾಗ ಬೆಂಚುಗಳಲ್ಲಿ ಕೆಮ್ಮು ನಿಂತಿತು.

5. ಜಗಳವನ್ನು ಪೂರ್ತಿ ಮುಚ್ಚಬೇಡಿ. ಬೆಳೆಹಬ್ಬದ ಏಲಂನಲ್ಲಿ ಒಂದು ಬೂದುಗುಂಬಳದ ದುಡ್ಡು ಲೆಕ್ಕಕ್ಕೆ ಬರಲಿಲ್ಲವೆಂದು ಒಬ್ಬ ತಾಯಿ ಎದ್ದು ನಿಂತು ಕೇಳಿದ್ದರು. ಉತ್ತರ ಸಿಗುವವರೆಗೆ ಮಹಿಳಾ ಕೂಟದ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಮನೆಯವರು “ಅದೆಲ್ಲ ಬೇಡ” ಎಂದರು, ನಾನು ಬಿಟ್ಟೆ. ಮಣ್ಣು ಹಾಕಿ ಬರುವಾಗ ದಾರಿಯುದ್ದಕ್ಕೂ ಎಲ್ಲರೂ ಮಾತಾಡಿದ್ದು ಆ ಕುಂಬಳಕಾಯಿಯನ್ನೇ. ನನ್ನ ಹಾಳೆಯ ಒಂದು ಸಾಲೂ ಯಾರ ಬಾಯಲ್ಲಿರಲಿಲ್ಲ.

6. ಎರಡು ಪುಟ ಸಾಕು. ಸೆಕೆಯಲ್ಲಿ ಜನ ನಿಂತಿರುತ್ತಾರೆ.

7. ಬದುಕಿರುವಾಗಲೇ ಕೇಳಿ. ಇದನ್ನು ನಾನು ತೀರ ತಡವಾಗಿ ಕಲಿತೆ. ಈಗ ಭಾನುವಾರ ಸಂಜೆ ಹಿರಿಯರ ಮನೆಗೆ ನೋಟ್‌ಬುಕ್ ಹಿಡಿದು ಹೋಗುತ್ತೇನೆ. ಯಾಕೆಂದು ಅವರಿಗೆ ಗೊತ್ತಾಗಿಬಿಡುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೊನ್ನೆ ಎಂಬತ್ತಾರರ ಒಬ್ಬರು, “ನನ್ನದೇನುಂಟು ಬರೀಲಿಕ್ಕೆ? ಮೊದಲು ಚಾ ಕುಡೀರಿ” ಎಂದವರು ಎರಡು ಗಂಟೆ ಹೇಳಿದರು. ಹೊರಡುವಾಗ ನಾನು, “ನಿಮ್ಮ ಯಜಮಾನರ ವಿಷಯ?” ಎಂದು ನೆನಪಿಸಿದೆ.

“ಎರಡು ಸಾಲು ಹಾಕಿ, ಸಾಕು. ಅವರದ್ದು ನೀವು ಆಗಲೇ ಮೂರು ಪುಟ ಓದಿದ್ದೀರಿ.”