ಕಿವಿಗೆ ತೊಡುವ ಯಂತ್ರದ ಪರೀಕ್ಷೆ

ಸೀರೆ ಕೊಳ್ಳಲು ಹೋದ ತಾಯಂದಿರು ಸೆರಗನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡದೆ ಹಣ ಕೊಡುವುದಿಲ್ಲ. ಹೆಡ್‌ಫೋನನ್ನು ಮಾತ್ರ ನಾವು ಪೆಟ್ಟಿಗೆಯ ಮೇಲಿನ ಬರಹವನ್ನು ನಂಬಿ ಕೊಳ್ಳುತ್ತೇವೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಫೋನಿಗೆ ಬಂದಂದಿನಿಂದ ಈ ಸಾಧನ ಮಕ್ಕಳ ಕಿವಿಗಂಟಿಕೊಂಡಿರುವುದರಿಂದ, ಅದನ್ನು ಪರೀಕ್ಷಿಸುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಇದರ ಚರಿತ್ರೆ ಸ್ವಾರಸ್ಯವಾಗಿದೆ. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಅಡುಗೆಮನೆಯಲ್ಲೇ ಇದನ್ನು ತಯಾರಿಸಿ ನೌಕಾಪಡೆಗೆ ಕಳುಹಿಸಿದನು. 1958ರಲ್ಲಿ ಜಾನ್ ಕಾಸ್ ಸಂಗೀತ ಕೇಳುವುದಕ್ಕೆಂದು ಸ್ಟೀರಿಯೊ ಹೆಡ್‌ಫೋನನ್ನು ತಂದನು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪೆನಿಯು ಹಿಂಬದಿ ತೆರೆದಿರುವ ಮಾದರಿಯನ್ನು ಮಾರಾಟಕ್ಕಿಟ್ಟಿತು. ತೆರೆದ ಮಾದರಿಯಲ್ಲಿ ಗಾಳಿಯಾಡುತ್ತದೆ, ನಾದ ವಿಶಾಲವೆನಿಸುತ್ತದೆ; ಆದರೆ ಹೊರಗಿನ ಗದ್ದಲವೂ ಒಳಬರುತ್ತದೆ. ಮುಚ್ಚಿದ ಮಾದರಿ ಗದ್ದಲವನ್ನು ತಡೆಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಕಿವಿ ಬೆವರುತ್ತದೆ.

ಪೆಟ್ಟಿಗೆಯ ಮೇಲೆ '20ರಿಂದ 20,000 ಹರ್ಟ್ಸ್' ಎಂದಿರುತ್ತದೆ. ಇದು ಮನುಷ್ಯನ ಕಿವಿಯ ವ್ಯಾಪ್ತಿ. ಆ ವ್ಯಾಪ್ತಿಯಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುವುವೆಂದು ಇದರಿಂದ ತಿಳಿಯದು. ಆದ್ದರಿಂದ ನಮಗೆ ಚೆನ್ನಾಗಿ ಪರಿಚಯವಿರುವ ಧ್ವನಿಮುದ್ರಣವನ್ನೇ ಕೇಳಬೇಕು. ತಂಬೂರಿಯ ನಾಲ್ಕು ತಂತಿಗಳು ಬೇರೆಬೇರೆಯಾಗಿ ಕೇಳುತ್ತವೆಯೇ, ಮಂದ್ರದ ತಂತಿ ಉಳಿದವನ್ನು ನುಂಗುತ್ತದೆಯೇ? ಯಕ್ಷಗಾನದಲ್ಲಿ ಚೆಂಡೆಯ ಅಬ್ಬರದ ನಡುವೆಯೂ ಭಾಗವತರ ಸಾಹಿತ್ಯ ಸ್ಪಷ್ಟವಾಗಿದೆಯೇ? ಕನ್ನಡ ಕಲಿಸುವವರಾಗಿ ನಾವು ಸ, ಶ, ಷಗಳಿಗೆ ಹೆಚ್ಚು ಬೆಲೆ ಕೊಡುತ್ತೇವೆ. ಸಕಾರದ ಸುಯ್ಲು ಬಹುಮಟ್ಟಿಗೆ 4,000 ಹರ್ಟ್ಸಿಗಿಂತ ಮೇಲಿನದು. ಅದು ಸೂಜಿಯಂತೆ ಚುಚ್ಚಿದರೆ ತಾರಸ್ವರ ಅತಿಯಾಯಿತು. 'ಸಂಕೆ'ಯೋ 'ಶಂಕೆ'ಯೋ ತಿಳಿಯದಿದ್ದರೆ ಮಂಕಾಯಿತು.

ಎರಡನ್ನು ಹೋಲಿಸುವಾಗ ಎರಡರ ಗಟ್ಟಿತನವೂ ಒಂದೇ ಇರಬೇಕು. ಗಟ್ಟಿಯಾಗಿ ಕೇಳುವುದೇ ಒಳ್ಳೆಯದೆಂದು ಕಿವಿ ಮೋಸಹೋಗುತ್ತದೆ. ಈ ಗುಟ್ಟು ವ್ಯಾಪಾರಿಗಳಿಗೂ ಗೊತ್ತು!

ಹಿತವನ್ನು ಐದು ನಿಮಿಷದಲ್ಲಿ ಅಳೆಯಲಾಗದು. ಅರ್ಧ ಗಂಟೆ ತೊಟ್ಟು ನೋಡಿರಿ: ನೆತ್ತಿ ನೋಯುತ್ತದೆಯೇ, ಓಲೆ ಒತ್ತುತ್ತದೆಯೇ? 1997ರ ಎಚ್.ಡಿ. 600 ಎಂಬ ಪ್ರಸಿದ್ಧ ಮಾದರಿ ಸುಮಾರು 260 ಗ್ರಾಂ ತೂಗುತ್ತದೆ. ಅಷ್ಟು ತೂಕ ತೊಡಕಲ್ಲ, ಅದು ಒಂದೇ ಕಡೆ ಕೂರುವುದು ತೊಡಕು. ಕನ್ನಡಕದ ಕಡ್ಡಿಯಿಂದ ಮೆತ್ತೆಗೂ ಕೆನ್ನೆಗೂ ಸಂದು ಬಿದ್ದರೆ, ಮುಚ್ಚಿದ ಮಾದರಿಯಲ್ಲಿ ಮಂದ್ರಸ್ವರ ಸೋರಿಹೋಗುತ್ತದೆ. ಹೀಗೆ ಹಿತಕ್ಕೂ ನಾದಕ್ಕೂ ನಂಟಿದೆ.

ಬೆಲೆ ಎಷ್ಟೇ ಇರಲಿ, ಮಕ್ಕಳಿಗೆ ವಾರಕ್ಕೆ 40 ಗಂಟೆ 75 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ: 78ಕ್ಕೆ 20 ಗಂಟೆ, 84ಕ್ಕೆ ಬರೇ 5. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬಸ್ಸಿನ ಸದ್ದನ್ನು ಮೀರಿಸಲು ಹಾಡನ್ನು ಏರಿಸುವವರು ಇದನ್ನು ನೆನೆಯಬೇಕು. ಹೆಡ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ 'ಗುಂಯ್' ಎನ್ನುತ್ತಿದ್ದರೆ ಮಕ್ಕಳು ಮನೆಯಲ್ಲಿ ಅಂದೇ ತಿಳಿಸಲಿ. ಮರುದಿನವೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿರಿ.