ಪಕ್ಕದ ಸೀಟಿನ ಚೀಲ ಮತ್ತು ಕಾರಿನ ಬೀಪ್

ಬಾಗಿಲು ಹಾಕಿದೆ, ಹ್ಯಾಂಡ್‌ಬ್ರೇಕ್ ಇಳಿಸಿದೆ, ನೀವು ಬೆಲ್ಟೂ ಕಟ್ಟಿದ್ದೀರಿ. ಆದರೂ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬೀಪ್ ಬೀಪ್ ಅನ್ನುತ್ತೆ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಪಕ್ಕದ ಸೀಟು ನೋಡಿ. ಉತ್ತರಪತ್ರಿಕೆಯ ಕಟ್ಟು ಅಲ್ಲಿದೆಯಾ?

2019ರ ಜುಲೈ 1ರ ನಂತರ ಭಾರತದಲ್ಲಿ ತಯಾರಾದ ಕಾರುಗಳಲ್ಲಿ ಮುಂದಿನ ಎರಡೂ ಸೀಟುಗಳ ಬೆಲ್ಟ್ ನೆನಪಿಸುವ ಸದ್ದು ಕಡ್ಡಾಯ. ಪಕ್ಕದ ಸೀಟಿನೊಳಗೆ ಭಾರ ಗುರುತಿಸುವ ಸೆನ್ಸರ್ ಇರುತ್ತದೆ, ಬಕಲ್‌ನಲ್ಲಿ ಇನ್ನೊಂದು ಸ್ವಿಚ್. ಭಾರ ಇದೆ, ಬೆಲ್ಟ್ ಇಲ್ಲ ಎಂದಾದರೆ ಬಝರ್. ಕೂತದ್ದು ಮನುಷ್ಯನೋ ಚೀಲವೋ, ಪಾಪ ಅದಕ್ಕೇನು ಗೊತ್ತು!

ಚೀಲ ಎತ್ತಿ ನೋಡಿ. ಸದ್ದು ನಿಂತರೆ ಮತ್ತೆ ಇಡಿ. ಮತ್ತೆ ಕೂಗಿದರೆ ಕಾರಣ ಖಾತ್ರಿ. ಚೀಲದ ಜೊತೆಗೆ ಬಾಗಿಲನ್ನೂ ತೆರೆದು ಹಾಕಿದಿರೋ, ಯಾವುದರಿಂದ ನಿಂತಿತು ಅಂತ ಹೇಳೋಕಾಗಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಆದರೆ ಎಂಜಿನ್ ಓಡುತ್ತಿರುವಾಗ ಕೆಂಪು ಎಣ್ಣೆಡಬ್ಬಿ ದೀಪ ಉರಿದರೆ ಪ್ರಯೋಗ ಬೇಡ, ತಕ್ಷಣ ಆಫ್ ಮಾಡಿ.

ಇದನ್ನು ತರಗತಿಯಲ್ಲೇ ಮಾಡಬಹುದು. 9 ವೋಲ್ಟ್ ಬ್ಯಾಟರಿ, ಬಝರ್, ಎರಡು ಸ್ವಿಚ್ ಸರಣಿಯಲ್ಲಿ ಜೋಡಿಸಿ. ತೂತು ಕೊರೆದ ಸ್ಪಂಜಿನ ಎರಡೂ ಬದಿಗೆ ಅಲ್ಯೂಮಿನಿಯಂ ಹಾಳೆ ಇಟ್ಟರೆ ‘ಸೀಟು’. ಬಟ್ಟೆಕ್ಲಿಪ್ಪಿನ ಎರಡು ದವಡೆಗೂ ಹಾಳೆ ಸುತ್ತಿದರೆ ‘ಬಕಲ್’. ನಡುವೆ ರಟ್ಟು ತೂರಿಸಿದರೆ ಬೆಲ್ಟ್ ಕಟ್ಟಿದಂತೆ, ಮಂಡಲ ಕಡಿಯುತ್ತದೆ. ಯಾವ ಯಾವ ಸ್ಥಿತಿಯಲ್ಲಿ ಬಝರ್ ಕೂಗುತ್ತದೆಂದು ಮಕ್ಕಳೇ ಪಟ್ಟಿ ಮಾಡಲಿ.

ಬೆಲ್ಟ್ ಇಲ್ಲದೆ ಬಕಲ್‌ಗೆ ತುರುಕುವ ಖಾಲಿ ಕ್ಲಿಪ್ಪೂ ಮಾಡುವುದು ಇದನ್ನೇ: ಸದ್ದು ನಿಲ್ಲುತ್ತದೆ, ಮನುಷ್ಯ ಮಾತ್ರ ಕಟ್ಟದೇ ಕೂತಿರುತ್ತಾನೆ. ಇಂಥ ಕ್ಲಿಪ್ಪುಗಳನ್ನು ಮಾರಾಟದಿಂದ ತೆಗೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಳಿಗೆಗಳಿಗೆ ಆದೇಶಿಸಿತು. ರಟ್ಟು ತೂರಿಸಿದ ಮೇಲೆ ಮಕ್ಕಳಿಗೆ ಕೇಳಿ: ಈಗ ಸೀಟಿನಲ್ಲಿ ಕೂತವರು ಬೆಲ್ಟ್ ಕಟ್ಟಿದ್ದಾರೆಂದು ಮಂಡಲಕ್ಕೆ ಹೇಗೆ ಗೊತ್ತು?