ಮರೆವಿನ ರೋಗ ಮತ್ತು ಮನೆಯವರ ಬಿಡುವು

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ಕನ್ನಡ ನಾಡಿನಲ್ಲಿ ರೂಢವಾಗಿದೆ. ಈ ನುಡಿಯ ಮರೆಯಲ್ಲಿ ಒಂದು ನಿಜವಾದ ರೋಗ ಬಹುಕಾಲ ಅಡಗಿ ಕುಳಿತಿತ್ತು. ಮುಪ್ಪಿನ ಸಹಜ ಮರೆವು ಬೇರೆ, ಡಿಮೆನ್ಷಿಯಾ ಬೇರೆ. ಮೊಮ್ಮಗನ ಹೆಸರು ಕ್ಷಣಕಾಲ ನೆನಪಾಗದಿರುವುದು ಮೊದಲನೆಯದು; ಉಂಡು ಕೈತೊಳೆದವರು ಮರುಗಳಿಗೆಯಲ್ಲೇ ‘ಯಾರೂ ಊಟಕ್ಕೆ ಕರೆಯಲಿಲ್ಲ’ ಎಂದು ಕೊರಗುವುದು ಎರಡನೆಯದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು 60 ವರ್ಷ ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ರೋಗವಿದೆಯೆಂದು ಅಂದಾಜು ಮಾಡಿತು.

ಆ ಕೊರಗು ನೆರೆಮನೆಗೆ ಕೇಳಿಸುತ್ತದೆ. ಅಪವಾದ ಸೊಸೆಯ ಪಾಲಿಗೆ ಬರುತ್ತದೆ. ಸಂಜೆಯಾಗುತ್ತಿದ್ದಂತೆ ರೋಗಿಯ ತಳಮಳ ಹೆಚ್ಚುವುದುಂಟು. ತಾವೇ ಕಟ್ಟಿಸಿದ ಮನೆಯಲ್ಲಿ ಕುಳಿತು ‘ಮನೆಗೆ ಹೋಗಬೇಕು’ ಎಂದು ಹಟ ಹಿಡಿಯುವವರೂ ಉಂಟು. ರಾತ್ರಿ ಬಾಗಿಲು ತೆರೆದು ಹೊರನಡೆದಾರೆಂಬ ಭಯದಿಂದ ಮನೆಯವರಿಗೆ ನಿದ್ರೆಯಿಲ್ಲ. ಅಮೆರಿಕದ ನ್ಯಾನ್ಸಿ ಮೇಸ್ ಮತ್ತು ಪೀಟರ್ ರಾಬಿನ್ಸ್ ಅವರು ಇಂಥ ಕುಟುಂಬಗಳಿಗಾಗಿ 1981ರಲ್ಲಿ ಬರೆದ ಗ್ರಂಥಕ್ಕೆ ‘36 ಗಂಟೆಗಳ ದಿನ’ ಎಂಬರ್ಥದ ಹೆಸರಿಟ್ಟದ್ದು ಅತಿಶಯೋಕ್ತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಈ ಆರೈಕೆಯ ಗಂಟೆಗಳಲ್ಲಿ ಶೇ. 70ರಷ್ಟು ಸ್ತ್ರೀಯರದೇ.

ಶುಶ್ರೂಷೆ ಮಾಡುವವರಿಗೆ ಕೆಲಕಾಲ ಬಿಡುವು ದೊರಕಿಸುವ ವ್ಯವಸ್ಥೆಗೆ ‘ರೆಸ್ಪೈಟ್ ಕೇರ್’ ಎನ್ನುತ್ತಾರೆ. ವಿರಾಮ ಸೇವೆ ಎಂದು ಕರೆಯಬಹುದು. ತರಬೇತಿ ಪಡೆದವರೊಬ್ಬರು ಕೆಲವು ಗಂಟೆ ಮನೆಗೇ ಬರುವುದು, ರೋಗಿಯನ್ನು ಹಗಲು ಆರೈಕೆ ಕೇಂದ್ರದಲ್ಲಿ ಬಿಡುವುದು, ಕೆಲವು ದಿನ ಆರೈಕೆ ಗೃಹದಲ್ಲಿ ಇರಿಸುವುದು, ಎಲ್ಲವೂ ಇದರ ರೂಪಗಳೇ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಇಂಥ ರೋಗಿಗಳಿಗೆಂದು ಕೇಂದ್ರವೊಂದನ್ನು ತೆರೆಯಿತು. ಹಳ್ಳಿಗಾಡಿನ ಕುಟುಂಬಕ್ಕೆ ಅದು ದೂರದ ಮಾತು.

ಕಟ್ಟಡವಿಲ್ಲದೆಯೂ ನೆರವು ಮನೆ ತಲುಪೀತೆಂಬುದಕ್ಕೆ ನೆರೆಯ ಗೋವಾ ಸಾಕ್ಷಿ. ಡಾ. ಅಮಿತ್ ಡಯಾಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 81 ಕುಟುಂಬಗಳಿದ್ದವು. ಅಲ್ಪ ತರಬೇತಿ ಪಡೆದ ಸ್ಥಳೀಯರು ಮನೆಗಳಿಗೆ ಹೋಗಿ ಸಲಹೆ, ಸಮಾಧಾನ ನೀಡಿದರು; ಮನೋವೈದ್ಯರು ಬೆಂಬಲಕ್ಕಿದ್ದರು. ಅದು ವಿರಾಮ ಸೇವೆಯಲ್ಲ. ಆದರೂ ಶುಶ್ರೂಷಕರ ಮಾನಸಿಕ ಆರೋಗ್ಯ ಸುಧಾರಿಸಿತು. ಕೊಠಡಿ ಕಟ್ಟಿಸಿ ಹೆಸರಿನ ಕಲ್ಲು ಹಾಕಿಸುವ ದಾನಿಗಳು ಹಲವರು. ಇಂಥ ಒಬ್ಬ ಕಾರ್ಯಕರ್ತೆಯ ಸಂಬಳವನ್ನು ಹೊರುವವರು ವಿರಳ.

ಹೆತ್ತವರನ್ನು ಪರರ ಕೈಗೊಪ್ಪಿಸಿದರೆಂಬ ನಿಂದೆಗೆ ಅಂಜಿ ಅನೇಕರು ಬಿಡುವನ್ನು ಕೊನೆಯ ಗಳಿಗೆಯವರೆಗೆ ಮುಂದೂಡುತ್ತಾರೆ. ನೋಡಿಕೊಳ್ಳುವಾಕೆ ತಾನೇ ಹಾಸಿಗೆ ಹಿಡಿದ ಮೇಲೆ ರೋಗಿಯನ್ನು ಒಮ್ಮೆಲೇ ಅಪರಿಚಿತ ಸ್ಥಳಕ್ಕೆ ಸಾಗಿಸಿದರೆ ಅವರ ಗೊಂದಲ ಉಲ್ಬಣಿಸೀತು. ರೋಗದ ಆರಂಭದಲ್ಲೇ, ವಾರಕ್ಕೆ ಎರಡು ಗಂಟೆಯಾದರೂ ಸರಿ, ಒಬ್ಬರೇ ಪರಿಚಾರಕರು ಬಂದು ಹೋಗಿ ರೂಢಿಯಾಗುವುದು ಮೇಲು. ಅವರ ಕೈಗೆ ಔಷಧಿಯ ಪಟ್ಟಿಯೊಡನೆ ಇನ್ನೊಂದು ಕಾಗದವೂ ಸೇರಬೇಕು: ಹಿರಿಯರು ಏನೆಂದು ಕರೆದರೆ ಓಗೊಡುತ್ತಾರೆ, ಸ್ನಾನ ಯಾವ ಹೊತ್ತಿಗೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಬೇಕೆ, ಎಂದೋ ತೀರಿಕೊಂಡ ಅಣ್ಣ ಎಲ್ಲಿ ಎಂದು ಅವರು ಕೇಳಿದಾಗ ಮನೆಯವರು ಏನು ಹೇಳುತ್ತ ಬಂದಿದ್ದಾರೆ.